ಹಬ್ಬದ ಒಂದು ರಾತ್ರಿ ಮನೆಮಾತಿಗಿರಲಿ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡದ ಮನೆಗಳ ಹಬ್ಬದ ಸಮಿತಿಗಳಿಗೆ ಬಹಿರಂಗ ಪತ್ರ

ಹಿರಿಯರೇ, ತಾಯಂದಿರೇ, ಚಂದಾ ಪುಸ್ತಕ ಹಿಡಿದು ಮನೆಮನೆ ತಿರುಗುವ ಹುಡುಗರೇ,

ಈ ಕಾಗದ ನಿಮ್ಮಲ್ಲಿ ಬಹಳ ಜನಕ್ಕೆ ಓದಲು ಬರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು, ಗಿರಣಿಯಲ್ಲಿ ಅಂಗಡಿಯಲ್ಲಿ ತಮಿಳು. ತಲೆಮಾರುಗಳಿಂದ ನಿಮ್ಮ ಬದುಕು ಹೀಗೇ ನಡೆದು ಬಂದಿದೆ. ಹಾಗಾಗಿ ಓದಬಲ್ಲವರು ಯಾರಾದರೂ ಒಬ್ಬರು ಸಮಿತಿಯ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಲಿ. ಕಿವಿಗೆ ಬಿದ್ದರೆ ಸಾಕು, ಅರ್ಥವಾಗುತ್ತದೆ. ನಾನು ಕೊಳ್ಳೇಗಾಲದ ಸೀಮೆಯವನು, ನಾಟಕದ ಹುಚ್ಚು ಹತ್ತಿಸಿಕೊಂಡವನು. ನನ್ನ ಕನ್ನಡಕ್ಕೂ ನಿಮ್ಮದಕ್ಕೂ ನಡುವೆ ಒಂದು ಘಾಟಿಯಷ್ಟೇ ದೂರ.

ನೀವು ದೇವಾಂಗರಿರಬಹುದು, ಒಕ್ಕಲಿಗರಿರಬಹುದು, ಅನುಪ್ಪರಿರಬಹುದು. ನೆಯ್ಗೆಯವರು, ಬೇಸಾಯದವರು, ಈಗ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವವರು. ಅಮ್ಮನ ಹಬ್ಬ ಬಂತೆಂದರೆ ಪಂದಲು ಹಾಕುತ್ತೀರಿ, ಹಗಲೆಲ್ಲ ಪೂಜೆ, ಅನ್ನದಾನ, ರಾತ್ರಿಗೆ ವೇದಿಕೆ. ವೇದಿಕೆಯ ಮೇಲೆ ಸಿನಿಮಾ ಹಾಡಿನ ಕಚೇರಿ. ಅದರ ಮೇಲೆ ನನಗೆ ಕೋಪವಿಲ್ಲ. ಕೀಬೋರ್ಡ್ ನುಡಿಸುವವರಿಗೂ ಹೊಟ್ಟೆಪಾಡು ನಡೆಯಬೇಕು, ಮಕ್ಕಳೂ ಕುಣಿಯಬೇಕು. ನಾನು ಕೇಳುವುದಿಷ್ಟೆ: ಹಬ್ಬದ ರಾತ್ರಿಗಳಲ್ಲಿ ಒಂದನ್ನು ನಿಮ್ಮ ಮನೆಮಾತಿನ ನಾಟಕಕ್ಕೆ, ಹಾಡಿಗೆ ಬಿಟ್ಟುಕೊಡಿ. ಮೈಕು ಅದೇ, ದೀಪ ಅದೇ, ಪಂದಲೂ ಅದೇ. ಮಾತು ಮಾತ್ರ ನಿಮ್ಮ ಅಡುಗೆಮನೆಯದು.

ಹೀಗೆ ಕೇಳುವ ಹಕ್ಕು ನನಗೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ನಮ್ಮ ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರವರೆಗೂ ನಿಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. 1887ರಲ್ಲಿ ನಿಕಲ್ಸನ್ ಎಂಬ ಅಧಿಕಾರಿ ಬರೆದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯಲ್ಲಿ ಕೊಳ್ಳೇಗಾಲವೂ ಒಂದು ತಾಲೂಕು. ಅಂದಮೇಲೆ ಮಲೆ ಮಹದೇಶ್ವರನ ಬೆಟ್ಟ ನಿಮ್ಮ ಜಿಲ್ಲೆಯದಾಗಿತ್ತು. ಸಿದ್ದಪ್ಪಾಜಿಯ ಚಿಕ್ಕಲ್ಲೂರು ನಿಮ್ಮ ಜಿಲ್ಲೆಯದಾಗಿತ್ತು. ಕಂಸಾಳೆ ಬೀಸುತ್ತ ಮಾದಪ್ಪನ ಕಥೆ ಹಾಡುವ ದೇವರಗುಡ್ಡರು, ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಇವರಲ್ಲಿ ಎಷ್ಟೋ ಮಂದಿ ಸರ್ಕಾರದ ಕಾಗದದ ಪ್ರಕಾರ ಕೊಯಮತ್ತೂರು ಜಿಲ್ಲೆಯ ಕಲಾವಿದರಾಗಿದ್ದರು. ರಾಜ್ಯಗಳ ಗೆರೆ ಎಳೆದಾಗ ತಾಲೂಕು ಮೈಸೂರಿನ ಪಾಲಾಯಿತು. ಉಳಿದ ಜಿಲ್ಲೆಯೂ ಇಡಿಯಾಗಿ ಉಳಿಯಲಿಲ್ಲ. 1979ರಲ್ಲಿ ಈರೋಡು ಬೇರೆಯಾಯಿತು, 2009ರಲ್ಲಿ ತಿರುಪ್ಪೂರು. ಆದರೆ ಮಾದಪ್ಪನ ಬೆಟ್ಟಕ್ಕೆ ನಿಮ್ಮ ಕಡೆಯಿಂದ ಭಕ್ತರು ಬರುವುದು ನಿಂತಿಲ್ಲ. ಕೊಳ್ಳೇಗಾಲದ ಪೇಟೆಯಲ್ಲಿ ರೇಷ್ಮೆ ನೇಯುವ ದೇವಾಂಗರಿದ್ದಾರೆ, ಸಿರುಮುಗೈಯಲ್ಲೂ ರೇಷ್ಮೆ ನೇಯುವ ದೇವಾಂಗರಿದ್ದಾರೆ. ನಂಟು ಅಲ್ಲೇ ಇದೆ. ಅದಕ್ಕೆ ದನಿ ಮಾತ್ರ ಬೇಕಾಗಿದೆ.

‘ನಮಗೆಲ್ಲಿ ನಾಟಕ ಬರುತ್ತದೆ’ ಎನ್ನಬೇಡಿ. ವಿಜಯದಶಮಿಯ ದಿನ ಕೊಯಮತ್ತೂರಿನ ರಾಜಬೀದಿಯ ರಾಮಲಿಂಗ ಚೌಡೇಶ್ವರಿಗೆ ನೀವು ನಡೆಸುವ ಕತ್ತಿಸೇವೆಯನ್ನೇ ನೋಡಿ. ಬೀದಿಯ ಉದ್ದಕ್ಕೂ ಮೈಬಿಟ್ಟು ನಿಂತ ಹುಡುಗರು ಎರಡು ಕೈಯಲ್ಲಿ ಕತ್ತಿ ಹಿಡಿದು ವಾದ್ಯದ ಪೆಟ್ಟಿಗೆ ಸರಿಯಾಗಿ ಹಿಂದೆ ಮುಂದೆ ಹೆಜ್ಜೆ ಹಾಕುತ್ತಾರೆ. ಎದೆಗೆ, ತೋಳಿಗೆ ಅಲಗು ಬೀಳುತ್ತದೆ. ಗಾಯಕ್ಕೆ ಅರಿಸಿನ ಮೆತ್ತುತ್ತಾರೆ. ‘ತೀಸ್ಕೋ ತಾಯೇ’ ಎಂಬ ಕೂಗು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಮುನಿಸಿಕೊಂಡ ತಾಯಿಯನ್ನು ಬೇಡಿ, ಕಾಡಿ, ರಕ್ತ ಕೊಟ್ಟು ಗುಡಿಗೆ ಕರೆತರುವ ಕಥೆ ಅದು. ಅಲ್ಲಿ ಪಾತ್ರವಿದೆ, ಮೇಳದ ದನಿಯಿದೆ, ಲಯವಿದೆ, ತಾಯಿ ಬರುತ್ತಾಳೋ ಇಲ್ಲವೋ ಎಂಬ ಆತಂಕವಿದೆ. ಒಂದು ಊರಿಗೆ ಊರೇ ಮೈದುಂಬಿ ಆಡುವ ಇಂಥ ಆಟ ಗೊತ್ತಿರುವ ಜನ ನಾಟಕ ಬಾರದು ಎಂದರೆ ನಾನು ಒಪ್ಪುವುದಿಲ್ಲ. ಅಮ್ಮನೆದುರು ದಂಡಕ ಹೇಳುವ ಹಿರಿಯರ ಉಸಿರು ಕೇಳಿದವರಾರೂ ಒಪ್ಪಲಾರರು. ಸೇವೆ ಸೇವೆಯಾಗಿಯೇ ಇರಲಿ, ಅದನ್ನು ವೇದಿಕೆಗೆ ಎಳೆದು ತರಬೇಡಿ. ಆ ಹೆಜ್ಜೆಯನ್ನೂ ಆ ದನಿಯನ್ನೂ ಬಲ್ಲ ಮೈಗಳು ನಿಮ್ಮಲ್ಲಿವೆ ಎಂಬುದಷ್ಟೇ ನನ್ನ ಮಾತು.

ಆಡಲು ಕಥೆ ಯಾವುದು? ಮೊದಲು ನಿಮ್ಮ ಕಸುಬಿನದೇ ಒಂದನ್ನು ಹೇಳುತ್ತೇನೆ. ದೇವರ ದಾಸಿಮಯ್ಯ ಮುದನೂರಿನ ನೇಕಾರ, ಬಸವಣ್ಣನಿಗಿಂತ ಮುಂಚಿನ ವಚನಕಾರ. ಅವನು ವರ್ಷಗಟ್ಟಲೆ ಮಗ್ಗದಲ್ಲಿ ಕೂತು ಒಂದು ಅಪೂರ್ವ ವಸ್ತ್ರ ನೇಯ್ದ ಕಥೆ ಪರಂಪರೆಯಲ್ಲಿದೆ. ಸಂತೆಯಲ್ಲಿ ಅದಕ್ಕೆ ಬೆಲೆ ಕಟ್ಟುವವರಿಲ್ಲ. ಮರಳಿ ಬರುವ ದಾರಿಯಲ್ಲಿ ಜಂಗಮನೊಬ್ಬ ಅದನ್ನು ಬೇಡುತ್ತಾನೆ, ಕೊಟ್ಟರೆ ಕಣ್ಣೆದುರೇ ಹರಿದು ಚೂರು ಮಾಡುತ್ತಾನೆ. ದಾಸಿಮಯ್ಯ ಕದಲುವುದಿಲ್ಲ. ಮನೆಯಲ್ಲಿ ಹೆಂಡತಿ ದುಗ್ಗಳೆ ಇದ್ದಾಳೆ, ಅಡುಗೆಗೆ ಅಕ್ಕಿಯಿಲ್ಲ. ಕೊನೆಗೆ ಶಿವ ತವನಿಧಿ ಕೊಡುತ್ತಾನೆ. ತಿಂಗಳುಗಟ್ಟಲೆ ಕೂತು ನೇಯ್ದ ಸೀರೆಗೆ ಸಿಕ್ಕ ಕೂಲಿಯನ್ನು ಎಣಿಸಿ ನೋಡಿದ ಜನ ನೀವು. ಹರಿದ ಬಟ್ಟೆಯ ಎದುರು ಒಬ್ಬ ನೇಕಾರ ಸುಮ್ಮನೆ ನಿಲ್ಲುವ ಆ ಗಳಿಗೆಯನ್ನು ನಿಮ್ಮಷ್ಟು ಬಲ್ಲ ನಟರು ಬೆಂಗಳೂರಿನ ಯಾವ ರಂಗಶಾಲೆಯಲ್ಲಿ ಸಿಗುತ್ತಾರೆ? ವೇದಿಕೆಯ ಮೇಲೆ ನಿಜವಾದ ಮಗ್ಗವನ್ನೇ ತಂದಿಡಿ. ಲಾಳಿಯ ಸದ್ದೇ ಹಿನ್ನೆಲೆ ಸಂಗೀತವಾಗಲಿ. ದುಗ್ಗಳೆಯ ಪಾತ್ರವನ್ನು ಕಂಡಿಕೆ ಸುತ್ತಿ ಕೈ ಪಳಗಿದ ಹೆಂಗಸೇ ಮಾಡಲಿ. ಅವಳ ಮಾತನ್ನು ಯಾರೂ ಬರೆದುಕೊಡುವುದು ಬೇಡ, ಅವಳೇ ಆಡಲಿ.

ಎರಡನೆಯದು ಸಂಕಮ್ಮನ ಸಾಲು. ಮಾದೇಶ್ವರನ ಕಾವ್ಯದಲ್ಲಿ ಹಲವು ಸಾಲುಗಳಿವೆ: ಶ್ರವಣ ದೊರೆಯದು, ಜುಂಜೇಗೌಡನದು, ಬೇವಿನಹಟ್ಟಿ ಕಾಳಮ್ಮನದು, ಇಕ್ಕೇರಿ ದೇವಮ್ಮನದು, ಸರಗೂರಯ್ಯನದು. ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡುವವಳು ಸಂಕಮ್ಮ. ಸೋಲಿಗರ ನೀಲೇಗೌಡ ಹೆಜ್ಜೇನು ತರಲು ಕಾಡಿಗೆ ಹೊರಡುತ್ತಾನೆ. ಹೊರಡುವ ಮುಂಚೆ ಹೆಂಡತಿಯನ್ನು ಬಲಗೈ ಭಾಷೆ ಕೇಳುತ್ತಾನೆ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಆಣೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸಿದೆಯೆಂದಲ್ಲ, ಅನುಮಾನಕ್ಕೆ ಆಣೆಯಿಟ್ಟು ಬದುಕುವುದು ಅವಳಿಗೆ ಬೇಕಿಲ್ಲ. ಅದಕ್ಕಾಗಿ ಅವಳು ಪಡುವ ಪಾಡು, ಕಾಡಿನ ಗುಡಿಸಲಲ್ಲಿ ಒಂಟಿಯಾಗಿ ಮಾದಪ್ಪನನ್ನು ಕರೆಯುವ ಕರೆ, ಮಾದಪ್ಪ ಬಂದು ಅವಳ ಕಷ್ಟ ಕಳೆದು ಮಕ್ಕಳ ಫಲ ಕೊಡುವುದು, ಮರಳಿ ಬಂದ ಗಂಡನ ಅನುಮಾನ ಮತ್ತೆ ಹೆಡೆ ಎತ್ತುವುದು, ಕಾರಯ್ಯ ಬಿಲ್ಲಯ್ಯರು ಹುಟ್ಟುವುದು. ಓದು ಬರಹವಿಲ್ಲದ ದೇವರಗುಡ್ಡರು ಶತಮಾನಗಳಿಂದ ಹಾಡುತ್ತ ಬಂದ ಈ ಹೆಣ್ಣಿನ ಹಟವನ್ನು ಇಂದು ಕಾಲೇಜಿಗೆ ಹೋಗುವ ನಿಮ್ಮ ಹುಡುಗಿಯರು ಕೇಳಬೇಕು. ತಮಿಳಿನಲ್ಲೇ ಓದಿದವರಾದರೂ ಈ ಕಥೆ ಅವರಿಗೆ ಹೊರಗಿನದಾಗುವುದಿಲ್ಲ. ಇದು ನಡೆದ ಕಾಡು ನಿಮ್ಮ ಉತ್ತರ ದಿಕ್ಕಿನ ಬೆಟ್ಟಸಾಲಿನಲ್ಲೇ ಇದೆ.

ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಾದೇಶ್ವರನ ಕಾವ್ಯವನ್ನು ಪುಸ್ತಕವಾಗಿ ತಂದರು. ಜೀ.ಶಂ. ಪರಮಶಿವಯ್ಯನವರು ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರ ಬಾಯಿಂದ ಸಂಗ್ರಹಿಸಿದರು. ಎಚ್.ಎಸ್. ಶಿವಪ್ರಕಾಶ್ ಅದೇ ಮಂಟೇಸ್ವಾಮಿಯನ್ನು ಆಧುನಿಕ ರಂಗಭೂಮಿಗೆ ತಂದರು. ಆ ಕೆಲಸವೆಲ್ಲ ನಮ್ಮ ಕಡೆ ನಡೆಯಿತು. ನಿಮ್ಮ ಕಡೆ ಕಥೆ ಹುಡುಕಿ ಬಂದವರು ಯಾರು? ಒಬ್ಬರು ಬಂದಿದ್ದರು, ಅದೂ ಹೊರದೇಶದಿಂದ. ಬ್ರೆಂಡಾ ಬೆಕ್ 1960ರ ದಶಕದಲ್ಲಿ ಕಾಂಗೇಯಂ ಹತ್ತಿರದ ಓಲಪಾಳಯದಲ್ಲಿ ಬಂದು ನೆಲೆಸಿ, ಉಡುಕೆ ಬಾರಿಸುತ್ತ ರಾತ್ರಿರಾತ್ರಿ ಹಾಡುವ ಅಣ್ಣನ್ಮಾರ್ ಕಥೆಯನ್ನು ಟೇಪಿನಲ್ಲಿ ಹಿಡಿದರು. ಪೊನ್ನರ್, ಶಂಕರ್ ಎಂಬ ಅಣ್ಣತಮ್ಮಂದಿರ ಆ ತಮಿಳು ಮಹಾಕಥೆ ಮುಂದೆ ಪುಸ್ತಕವಾಯಿತು, ಮಕ್ಕಳಿಗಾಗಿ ಅನಿಮೇಷನ್ ಸರಣಿಯೂ ಆಯಿತು. ಅದೇ ಊರುಗಳ ಪಕ್ಕದ ಬೀದಿಗಳಲ್ಲಿ ಕನ್ನಡದಲ್ಲಿ ಹಾಡುತ್ತಿದ್ದ ಅಜ್ಜಿಯರೆದುರು ಅಂಥ ಟೇಪ್ ರೆಕಾರ್ಡರ್ ಇಟ್ಟವರು ಎಷ್ಟು ಮಂದಿ? ಈ ನೋವು ನನ್ನನ್ನು ಬಿಡುವುದಿಲ್ಲ. ಇಂದು ಆ ಯಂತ್ರ ನಿಮ್ಮ ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿದೆ. ಮದುವೆಯ ಹಾಡು, ತೊಟ್ಟಿಲ ಹಾಡು, ಅಮ್ಮನ ಮೇಲಿನ ಹಾಡು, ಮಗ್ಗದ ಮುಂದೆ ಬೇಸರ ಕಳೆಯಲು ಹೇಳಿದ ಪದ, ಯಾರ ಬಾಯಲ್ಲಿ ಏನು ಉಳಿದಿದೆಯೋ ಅದನ್ನು ಹಬ್ಬಕ್ಕೆ ಮುಂಚಿನ ತಿಂಗಳುಗಳಲ್ಲಿ ಮನೆಮನೆಗೆ ಹೋಗಿ ಹಿಡಿದುಕೊಳ್ಳಿ. ಚಂದಾಕ್ಕೆ ಹೋದ ಹುಡುಗರೇ ಹಾಡನ್ನೂ ಎತ್ತಿ ತರಲಿ. ಸಾಲು ಮರೆತು ಅರ್ಧಕ್ಕೆ ನಿಂತ ಹಾಡಾದರೂ ಸರಿ. ಹಬ್ಬದ ರಾತ್ರಿ ಆ ಅಜ್ಜಿಯನ್ನೇ ವೇದಿಕೆಗೆ ಕರೆದು ಹಾಡಿಸಿ, ಹಿಂದೆ ಮೊಮ್ಮಕ್ಕಳು ಸೊಲ್ಲು ಹಿಡಿಯಲಿ. ಅರ್ಧ ಹಾಡಿನ ಉಳಿದರ್ಧ ಸಭೆಯಲ್ಲೇ ಯಾರೋ ಒಬ್ಬರಿಗೆ ನೆನಪಾಗಬಹುದು. ಕಥನಗೀತೆಗಳನ್ನು ಸಂಗ್ರಹಿಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು.

ಬರೆದುಕೊಳ್ಳುವುದು ಹೇಗೆಂಬ ಚಿಂತೆ ಬೇಡ. ತಮಿಳು ಅಕ್ಷರದಲ್ಲೇ ಬರೆದುಕೊಳ್ಳಿ. ಕಕಾರಕ್ಕೂ ಗಕಾರಕ್ಕೂ ಅಲ್ಲಿ ಒಂದೇ ಅಕ್ಷರವಾದರೂ ಮನೆಯಲ್ಲಿ ಆಡುವ ಮಾತು ನಿಮ್ಮದೇ ಆದ್ದರಿಂದ ನಾಲಿಗೆ ತಪ್ಪುವುದಿಲ್ಲ. ಕನ್ನಡ ಅಕ್ಷರ ಕಲಿತ ಮೇಲೆಯೇ ಕನ್ನಡ ನಾಟಕ ಎಂದು ಕಾಯುತ್ತ ಕೂತರೆ ಇನ್ನೊಂದು ತಲೆಮಾರು ಕೈತಪ್ಪುತ್ತದೆ. ನಿಮ್ಮ ಮೇಲಿನ ಬೆಟ್ಟದಲ್ಲಿರುವ ಬಡಗರನ್ನು ನೋಡಿ. ಅಕ್ಷರದ ಗೊಡವೆಗೆ ನಿಲ್ಲದೆ ತಮ್ಮ ಮಾತಿನಲ್ಲಿ ಹಾಡು ಕಟ್ಟಿದರು, ಕ್ಯಾಸೆಟ್ ತಂದರು, ಸಿನಿಮಾ ಕೂಡ ಮಾಡಿದರು. ಹೆತ್ತೆ ಹಬ್ಬದಲ್ಲಿ ಬಿಳಿ ಬಟ್ಟೆಯುಟ್ಟು ಕುಣಿಯುವ ಅವರ ಹುಡುಗರಿಗೆ ಮನೆಮಾತಿನ ಹಾಡೆಂದರೆ ನಾಚಿಕೆಯಿಲ್ಲ.

ನಾಚಿಕೆಯ ಮಾತು ಬಂತು, ಅದನ್ನೂ ಬಿಚ್ಚಿ ಹೇಳುತ್ತೇನೆ. ‘ನಾವಾಡುವುದು ಸರಿಯಾದ ಕನ್ನಡವಲ್ಲ, ಬೆಂಗಳೂರಿನವರು ನಗುತ್ತಾರೆ’ ಎಂಬ ಅಳುಕು ನಿಮ್ಮಲ್ಲಿ ಅನೇಕರಿಗೆ ಇದೆ. ನಗುವವರಿದ್ದರೆ ನಗಲಿ. ನಿಮ್ಮ ಕನ್ನಡದಲ್ಲಿ ತಮಿಳು ಕೂಡಿದೆ, ತೆಲುಗು ಕೂಡಿದೆ, ಜೊತೆಗೆ ನಾವು ಮರೆತ ಎಷ್ಟೋ ಹಳೆಯ ಮಾತು ಉಳಿದಿದೆ. ಆ ಮಾತಿನಲ್ಲೇ ನಾಟಕ ಆಡಿ. ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿಕೊಳ್ಳಲು ಹೋದರೆ ನಾಟಕದ ಜೀವವೇ ಹೋಗುತ್ತದೆ. ಅತಿಥಿಯಾಗಿ ಕರೆಸಿದ ಕನ್ನಡ ಮೇಷ್ಟ್ರು ಯಾರಾದರೂ ತಿದ್ದಲು ಬಂದರೆ ಅವರಿಗೆ ಊಟ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿ, ತಾಲೀಮಿನ ಮನೆಗೆ ಬಿಟ್ಟುಕೊಳ್ಳಬೇಡಿ.

ಇನ್ನೊಂದು ಅಳುಕು ನೆರೆಹೊರೆಯದು. 1991ರ ಡಿಸೆಂಬರಿನಲ್ಲಿ, ಮತ್ತೆ 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ನಡೆದ ಗಲಭೆ ಎಲ್ಲರಿಗೂ ನೆನಪಿದೆ. ಅಲ್ಲಿ ತಮಿಳರು ಬಾಯಿಬಿಡಲು ಹೆದರಿದ ದಿನಗಳಲ್ಲಿ ಗಡಿಯ ನಿಮ್ಮ ಕಡೆ ಕನ್ನಡದ ಮನೆಗಳೂ ದನಿ ತಗ್ಗಿಸಿದವು. ಹಾಗಾಗಿ ಬೀದಿಯಲ್ಲಿ ಮೈಕು ಕಟ್ಟಿ ಕನ್ನಡ ನಾಟಕವೇ ಎಂದು ಹಿರಿಯರು ಹಿಂದೆಗೆಯುವುದು ನನಗೆ ಅರ್ಥವಾಗುತ್ತದೆ. ನನ್ನ ಸಲಹೆ ಸರಳ. ಬಾವುಟ ಬೇಡ, ಘೋಷಣೆ ಬೇಡ, ರಾಜಕಾರಣಿಯ ಕಟೌಟು ಬೇಡ. ಬ್ಯಾನರಿನಲ್ಲಿ ಎರಡೂ ಲಿಪಿ ಇರಲಿ. ರಾತ್ರಿಯ ಮೊದಲ ಆಟವನ್ನು ಪಕ್ಕದ ಊರಿನ ವಳ್ಳಿ ಕುಮ್ಮಿ ತಂಡಕ್ಕೆ ಕೊಡಿ. ಮೇಟ್ಟುಪಾಳಯಂ ಬಳಿಯ ದಾಸಂಪಾಳಯದ ಬದ್ರಪ್ಪನವರಿಗೆ 2024ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ವಳ್ಳಿ ಒಯಿಲ್ ಕುಮ್ಮಿಗಾಗಿ ಪದ್ಮಶ್ರೀ ಬಂತು. ಗಂಡಸರೇ ಆಡುತ್ತಿದ್ದ ಆ ಕುಣಿತವನ್ನು ಹೆಂಗಸರಿಗೂ ಕಲಿಸಿದ ಹಿರಿಯರು ಅವರು. ಅಂಥವರು ತಯಾರು ಮಾಡಿದ ತಂಡಗಳು ನಿಮ್ಮ ಸುತ್ತಲೇ ಇವೆ. ಉಡುಮಲೈ ಕಡೆಯವರಾದರೆ ನಾರಾಯಣ ಕವಿಯನ್ನು ನೆನೆದು ಶುರುಮಾಡಿ. ತಮಿಳು ಸಿನಿಮಾಕ್ಕೆ ಹಾಡು ಬರೆಯುವ ಮೊದಲು ಅವರು ಮುತ್ತುಸ್ವಾಮಿ ಕವಿರಾಯರ ನಾಟಕ ಮಂಡಳಿಯಲ್ಲಿ ಬೆಳೆದವರು, ಹಳ್ಳಿಯ ವೇದಿಕೆಯಿಂದ ಬಂದವರು.

ಕನ್ನಡ ಬಾರದ ನೆರೆಯವರೂ ನಾಟಕಕ್ಕೆ ಕೂರಬೇಕಲ್ಲ, ಅದಕ್ಕೆ ತಮಿಳು ಕೂತ್ತಿನಲ್ಲೇ ದಾರಿಯಿದೆ. ಕಟ್ಟಿಯಂಕಾರನ್ ಎಂಬ ಪಾತ್ರ ನಿಮಗೆ ಗೊತ್ತು. ರಾಜನ ಎದುರೂ ನಿಲ್ಲುತ್ತಾನೆ, ಜನರೊಡನೆಯೂ ಮಾತಾಡುತ್ತಾನೆ, ನಗಿಸುತ್ತಾನೆ, ಕಥೆಯನ್ನು ಬಿಡಿಸಿ ಹೇಳುತ್ತಾನೆ. ಅವನನ್ನು ಎರಡು ನಾಲಿಗೆಯವನನ್ನಾಗಿ ಮಾಡಿ. ದಾಸಿಮಯ್ಯನೊಡನೆ ಕನ್ನಡ, ಸಭೆಯೊಡನೆ ತಮಿಳು. ಈ ಪಾತ್ರಕ್ಕೆ ನಟನನ್ನು ಹುಡುಕಬೇಕಾಗಿಲ್ಲ. ನಿಮ್ಮ ಮನೆಯ ಪ್ರತಿ ಮಗುವೂ ಹೊಸ್ತಿಲು ದಾಟುವಾಗೊಮ್ಮೆ ಮರಳುವಾಗೊಮ್ಮೆ ಇದನ್ನೇ ಮಾಡುತ್ತದೆ. ಎರಡೂ ಭಾಷೆಯ ನಗೆಯನ್ನು ಒಂದೇ ಉಸಿರಿನಲ್ಲಿ ಎಬ್ಬಿಸಬಲ್ಲ ಇಂಥ ನಟ ಮೈಸೂರಿನಲ್ಲೂ ಇಲ್ಲ, ಮದುರೆಯಲ್ಲೂ ಇಲ್ಲ.

ಇದೆಲ್ಲ ಹಿಂದೆ ಎಲ್ಲೂ ಆಗದ ಕೆಲಸವೇನಲ್ಲ. ತಮಿಳುನಾಡಿನ ಪ್ರಗತಿಪರ ಬರಹಗಾರರ ಸಂಘ ಊರೂರಲ್ಲಿ ನಡೆಸಿದ ‘ಕಲೈ ಇರವು’ ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಬೀದಿಯಲ್ಲೇ ವೇದಿಕೆ, ಟಿಕೆಟ್ಟಿಲ್ಲ, ಪರೈ, ನಾಟಕ, ಹಾಡು, ಭಾಷಣ, ಬೆಳಗಿನವರೆಗೆ ಜನ. ಚೆನ್ನೈನ ಊರೂರು ಆಲ್ಕಾಟ್ ಕುಪ್ಪದ ಮೀನುಗಾರರ ಬೀದಿಯಲ್ಲಿ 2015ರಿಂದ ಟಿ.ಎಂ. ಕೃಷ್ಣ ಮತ್ತು ಗೆಳೆಯರು ಊರವರ ಜೊತೆಗೂಡಿ ನಡೆಸಿದ ಹಬ್ಬದಲ್ಲಿ ಶಾಸ್ತ್ರೀಯ ಸಂಗೀತವೂ ಪರೈಯೂ ಒಂದೇ ವೇದಿಕೆ ಹತ್ತಿದವು. ನಮ್ಮ ಹೆಗ್ಗೋಡಿನ ನೀನಾಸಂ 1949ರಲ್ಲಿ ಅಡಿಕೆ ಬೆಳೆಯುವ ಹಳ್ಳಿಯವರು ಹೊತ್ತು ಕಳೆಯಲು ಕಟ್ಟಿಕೊಂಡ ನಾಟಕದ ಸಂಘ. 1985ರಿಂದ ಅದರ ತಿರುಗಾಟ ತಂಡ ಊರೂರು ಸುತ್ತುತ್ತಿದೆ. ಹಳ್ಳಿಯವರು ತಮಗೆ ಬೇಕೆಂದು ಹಠ ಹಿಡಿದದ್ದರಿಂದ ಅದು ಬೆಳೆಯಿತು.

ದುಡ್ಡಿನ ವಿಚಾರ ಬೇಗ ಮುಗಿಸುತ್ತೇನೆ. ಕಚೇರಿಗೆ ಕೊಡುವುದರ ಒಂದು ಪಾಲು ಸಾಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಎಂಬುದೊಂದಿದೆ. ಅರ್ಜಿ ಹಾಕಿ, ಆದರೆ ಅದರ ಉತ್ತರಕ್ಕೆ ಕಾಯುತ್ತ ಕೂರಬೇಡಿ. ಖರ್ಚು ಮಾಡುವುದಾದರೆ ಒಳ್ಳೆಯ ಮೈಕಿಗೆ ಮಾಡಿ. ಅಜ್ಜಿಯ ದನಿ ಸಣ್ಣದು, ಕಚೇರಿಗೆ ಇಡುವ ಪೆಟ್ಟಿಗೆಗಳ ಎತ್ತರದಲ್ಲಿ ಅದು ಒಡೆದುಹೋಗುತ್ತದೆ. ಧ್ವನಿ ನೋಡಿಕೊಳ್ಳುವವರಿಗೆ ಮೊದಲೇ ಹೇಳಿಡಿ. ನಾಟಕ ಮೊದಲ ವರ್ಷ ಮುಕ್ಕಾಲು ಗಂಟೆ ಮೀರದಿರಲಿ. ಹೆಂಗಸರು ಮನೆ ಕೆಲಸ ಮುಗಿಸಿ ಬರುವ ಹೊತ್ತು ನೋಡಿ ಶುರುಮಾಡಿ, ಅವರು ಬರುವ ಮುಂಚೆ ಮುಗಿದರೆ ಮಾಡಿ ಏನು ಫಲ?

ನಮ್ಮ ಕಡೆಯಿಂದ ಏನು ಕೊಡಬಲ್ಲೆವೋ ಅದನ್ನೂ ಹೇಳಬೇಕು. ಕಂಸಾಳೆಯ ತಂಡವೊಂದನ್ನೂ ನೀಲಗಾರರ ಮೇಳವೊಂದನ್ನೂ ಕೇಳಿಕೊಂಡು ಕರೆತರುವುದು ನನ್ನಂಥವರ ಹೊಣೆ. ಜನವರಿಯ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಯಿರುವುದರಿಂದ ಆ ದಿನಗಳಲ್ಲಿ ನೀಲಗಾರರು ಸಿಗುವುದಿಲ್ಲ, ಅದು ಬಿಟ್ಟು ಬೇರೆ ದಿನ ನೋಡಿ. ಅವರು ನಿಮ್ಮ ನಾಟಕದ ಜಾಗ ತುಂಬಲು ಬರುವುದಲ್ಲ. ನಿಮ್ಮ ಹುಡುಗರು ಹಾಡಿದ ಮೇಲೆ ಹಾಡುತ್ತಾರೆ, ಮರುದಿನ ಬೆಳಿಗ್ಗೆ ಮಕ್ಕಳ ಕೈಗೆ ಕಂಸಾಳೆ ಕೊಟ್ಟು ಬೀಸುವುದು ಕಲಿಸುತ್ತಾರೆ. ಕಂಚಿನ ಆ ಜೋಡಿಯ ತೂಕ ಮಕ್ಕಳ ಮುಂಗೈಗೆ ಮೊದಲು ಭಾರವೆನಿಸುತ್ತದೆ, ಅದಕ್ಕೆ ಚಿಕ್ಕವು ಕೆಲವನ್ನು ಬೇರೆಯಾಗಿ ತರಲು ಹೇಳುತ್ತೇನೆ.

ದಿನ ಗೊತ್ತುಮಾಡುವಾಗ ಒಂದು ಸಂಗತಿ ಗಮನದಲ್ಲಿರಲಿ. ಚಾಮರಾಜನಗರದಿಂದ ಹಾಸನೂರು, ದಿಂಬಂ, ಬಣ್ಣಾರಿ ಮೇಲೆ ಇಳಿದು ಬರುವ ದಾರಿಯಲ್ಲಿ ದಿಂಬಂ ಘಾಟಿಗೆ ಇಪ್ಪತ್ತೇಳು ಹೇರ್‌ಪಿನ್ ತಿರುವು, ಹುಲಿ ಆನೆಗಳ ಕಾಡು. 2022ರಿಂದ ಅಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಕಲಾವಿದರು ಆಟ ಮುಗಿಸಿ ಅದೇ ರಾತ್ರಿ ಮರಳಲಾರರು. ಲಾಡ್ಜು ಬೇಡ. ಮನೆಗೊಬ್ಬಿಬ್ಬರಂತೆ ನಿಮ್ಮ ಮನೆಗಳಲ್ಲೇ ಮಲಗಿಸಿಕೊಳ್ಳಿ, ಅಜ್ಜಿ ಇರುವ ಮನೆಗಳಿಗೆ ಮೊದಲ ಆದ್ಯತೆ. ಯಾವ ಬೀದಿ, ಯಾವ ತಿಂಗಳು, ಎಷ್ಟು ಮಂದಿಗೆ ಜಾಗ ಎಂಬುದನ್ನು ಸಭೆಯಲ್ಲಿ ತೀರ್ಮಾನಿಸಿ ತಿಳಿಸಿ. ತಮಿಳಿನಲ್ಲಿ ಬರೆದರೂ ಸರಿ, ನಮ್ಮ ಪೇಟೆಯಲ್ಲಿ ಓದಿ ಹೇಳುವವರಿದ್ದಾರೆ.

ನಿಮ್ಮವನು,
ಕೊಳ್ಳೇಗಾಲ ಸೀಮೆಯ ಒಬ್ಬ ರಂಗಕರ್ಮಿ